ಕೆಂಚಘಟ್ಟದ ಕೆರೆಗೆ ಬಿದ್ದ ಪೆಟ್ಟು

"ನಿಲ್ಸ್ರೀ! ನಿಲ್ಸೀ ಅಂದ್ರೆ ನಿಲ್ಸ್ಬೇಕು!"

ಕೆಂಚಘಟ್ಟದ ಕೆರೆಯ ನಡುನೀರಿನಿಂದ ಬಂದ ಆ ಕೂಗಿಗೆ ದಡದಲ್ಲಿದ್ದ ಕೊಕ್ಕರೆಗಳೆಲ್ಲ ಒಟ್ಟಿಗೇ ಹಾರಿದವು.

ಕೆರೆಯ ಮೂಡಣ ಸೆರಗಿನ ಮೇಲೆ ಹೊಸ ರಸ್ತೆಯ ಸೇತುವೆ ಏಳಬೇಕಿತ್ತು. ತೇಲುವ ಕಬ್ಬಿಣದ ಅಟ್ಟದ ಮೇಲೆ ಕ್ರೇನು. ಕ್ರೇನಿಗೆ ನೇತುಬಿದ್ದ ರಾಕ್ಷಸ ಗಾತ್ರದ ಸುತ್ತಿಗೆ. ಅದರ ಕೆಳಗೆ ನೀರಿನಲ್ಲಿ ನೆಟ್ಟಗೆ ನಿಂತ, ಸೇತುವೆಯ ಕಂಬಕ್ಕೆಂದು ನೆಲಕ್ಕೆ ಬಡಿಯಬೇಕಾದ ಉಕ್ಕಿನ ಕೊಳವೆ. ಸುತ್ತಿಗೆ ಆಗಲೇ ಮೇಲೆ ಹೋಗಿತ್ತು. ಇನ್ನೇನು ಬೀಳಬೇಕು...

ಅಷ್ಟರಲ್ಲಿ ಒಂದು ತೆಪ್ಪ ಬಂದು ಕೊಳವೆಗೆ ತಾಗಿ ನಿಂತಿತು. ತೆಪ್ಪದಲ್ಲಿ ಒಬ್ಬಳೇ ಹುಡುಗಿ. ವೇಲನ್ನು ಸೊಂಟಕ್ಕೆ ಬಿಗಿದುಕೊಂಡು, ಎರಡೂ ಕೈಯಿಂದ ಕೊಳವೆಯನ್ನು ತಬ್ಬಿಕೊಂಡಿದ್ದಾಳೆ!

ಕ್ರೇನ್ ಆಪರೇಟರ್ ಸಿದ್ದರಾಜುವಿನ ಕೈ ಲಿವರ್ ಮೇಲೇ ನಿಂತುಹೋಯಿತು. ಸೈಟ್ ಎಂಜಿನಿಯರ್ ರವಿಚಂದ್ರ ಅಟ್ಟದ ಅಂಚಿಗೆ ಓಡಿಬಂದ.

"ಏನ್ರೀ ಇದು? ತಲೆ ಕೆಟ್ಟಿದೆಯಾ? ಮೇಲೆ ಸುತ್ತಿಗೆ ಇರೋದು ಕಾಣ್ಸಲ್ವಾ?"

"ಕಾಣ್ಸುತ್ತೆ. ಬೀಳ್ಸಿ. ನನ್ ತಲೆ ಮೇಲೇ ಬೀಳ್ಸಿ!"

"ಯಾರ್ರೀ ನೀವು?"

"ಪದ್ಮಶ್ರೀ. ಈ ಕೆರೆ ಮೀನು ಸಾಕ್ತಿರೋದು ನಮ್ ಸಂಘದ ಹೆಂಗಸ್ರು. ನಿನ್ನೆ ನೀವು ಟೆಸ್ಟ್ ಅಂತ ಬಡಿದ್ರಲ್ಲ, ಅದರ ಫಲ ನೋಡಿ."

ಅವಳು ತೆಪ್ಪದ ತಳದಿಂದ ಒಂದು ಕಾಟ್ಲಾ ಮೀನನ್ನು ಎತ್ತಿ ಹಿಡಿದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಅವಳು ಹೊಟ್ಟೆ ಸೀಳಿ ನೋಡಿದ್ದ ಜಾಗದಲ್ಲಿ ರಕ್ತ ಕರಿಗಟ್ಟಿತ್ತು.

"ಮೀನಿನ ಹೊಟ್ಟೆಲಿ ಗಾಳಿಚೀಲ ಅಂತ ಇರುತ್ತೆ. ಅದು ಒಡೆದೋಗಿದೆ. ನಿಮ್ ಸದ್ದಿಗೆ!"

ರವಿಚಂದ್ರ ಸಮಾಧಾನದಿಂದಲೇ ಹೇಳಿದ. "ನೋಡಿ ಮೇಡಂ, ನಾವು ದಡದಲ್ಲಿ ಶಬ್ದ ಅಳೆಯೋ ಮೀಟರ್ ಇಟ್ಟಿದೀವಿ. ಎಲ್ಲಾ ಲಿಮಿಟ್ ಒಳಗೇ ಇದೆ. ಊರಿಗೇನೂ ತೊಂದ್ರೆ ಇಲ್ಲ."

"ಊರಿನ್ ಮಾತು ಯಾರ್ ಕೇಳಿದ್ರು? ನೀರಿನ್ ಮಾತು ಹೇಳಿ. ನಿಮ್ ಮೀಟರ್ ನೀರೊಳಕ್ಕೆ ಇಳಿದಿತ್ತಾ?"

ಅವನು ದಡದ ಮೀಟರಿನ ಕಡೆ ನೋಡಿದ. ಇಳಿದಿರಲಿಲ್ಲ.

"ನೀವಾದ್ರೂ ಇಳಿದು ಕೇಳಿದೀರಾ? ಧೈರ್ಯ ಇದ್ರೆ ಇಳೀರಿ ನೋಡೋಣ!"

ಬೇರೆ ಎಂಜಿನಿಯರ್ ಆಗಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದ. ಈ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಹೆಲ್ಮೆಟ್ ತೆಗೆದು ಸಿದ್ದರಾಜುವಿನ ಕೈಗೆ ಕೊಟ್ಟ. ಶೂ ಬಿಚ್ಚಿದ. ನೆಟ್ಟಗೆ ಬಂದು ಅವಳ ತೆಪ್ಪದೊಳಗೆ ಕೂತ!

"ನಡೀರಿ. ಎಲ್ಲಿ ಇಳೀಬೇಕು ಹೇಳಿ."

ಪದ್ಮಶ್ರೀ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. 'ಇವನೇನು ನಿಜವಾಗಲೂ ಇಳಿಯುತ್ತಾನಾ?' ಕೆರೆ ಏರಿಯ ಹತ್ತಿರಕ್ಕೆ, ಕೊಳವೆಯಿಂದ ಸಾಕಷ್ಟು ದೂರಕ್ಕೆ ಹುಟ್ಟು ಹಾಕಿದಳು. ಅವನು ತೆಪ್ಪದ ಅಂಚು ಹಿಡಿದು ನೀರಿಗಿಳಿದು, ಉಸಿರು ಬಿಗಿಹಿಡಿದು ಮುಳುಗಿದ. ಪೆಟ್ಟು ಹಾಕೆಂದು ಅವಳು ವೇಲು ಬಿಚ್ಚಿ ಸಿದ್ದರಾಜುವಿನ ಕಡೆ ಬೀಸಿದಳು.

ಧಡ್!

ನೀರಿನ ಮೇಲಿದ್ದವಳಿಗೆ ಅದು ದೂರದಲ್ಲಿ ಯಾರೋ ಬಾಗಿಲು ಹಾಕಿದಷ್ಟೇ ಸದ್ದು.

ನೀರಿನಿಂದ ಎದ್ದವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಒಂದು ಕೈ ಎದೆಯ ಮೇಲಿತ್ತು.

"ಏನಾಯ್ತು? ರೀ... ಏನಾಯ್ತು ಹೇಳ್ರೀ!" ಅವಳ ದನಿಯಲ್ಲಿ ಈಗ ಜಗಳ ಇರಲಿಲ್ಲ.

"ಕಿವಿಗಲ್ಲ ಕೇಳಿದ್ದು... ಎದೆ ಒಳಗೇ ಯಾರೋ ಗುದ್ದಿದಂಗಾಯ್ತು. ಇನ್ನೂ ಹಲ್ಲು ಜುಮ್ ಅಂತಿದೆ."

"ಇಷ್ಟು ದೂರದಲ್ಲಿ ನಿಮಗೇ ಹಿಂಗಾದ್ರೆ, ಅದರ ಪಕ್ಕದಲ್ಲೇ ಇರೋ ಮೀನಿಗೆ? ನಿಮಗೆ ಮೇಲೆ ಬರೋಕ್ಕೆ ದಾರಿ ಇತ್ತು. ಅವು ಎಲ್ಲಿಗೋಗ್ಬೇಕು?"

ಅವನು ಮುಖದ ನೀರು ಒರೆಸಿಕೊಂಡು ಅವಳನ್ನೇ ನೋಡಿದ. "ಇದಕ್ಕೊಂದು ದಾರಿ ಸಿಗೋವರೆಗೂ ಬಡಿಯಲ್ಲ. ಮಾತು ಕೊಡ್ತೀನಿ."

'ಅಯ್ಯೋ ದೇವರೇ... ಇಷ್ಟು ಬೇಗ ಒಪ್ಪಿಕೊಳ್ಳುವವನ ಜೊತೆ ಜಗಳ ಆಡುವುದು ಹೇಗೆ?'

ಪದ್ಮಶ್ರೀ ಸುಮ್ಮನೆ ಹುಟ್ಟು ಹಾಕಿದಳು.

*

ಪದ್ಮಶ್ರೀಯ ಹಟದ ಹಿಂದೆ ಒಂದು ಕಾರಣವಿತ್ತು.

ಏತ ನೀರಾವರಿಯ ನೀರು ಬಂದು ಕೆರೆ ತುಂಬಿದ ಮೇಲೆ, ಮೀನು ಸಾಕುವ ಗುತ್ತಿಗೆಯನ್ನು ಪಂಚಾಯ್ತಿ ಹೆಂಗಸರ ಸಂಘಕ್ಕೆ ಕೊಟ್ಟಿತ್ತು. ಪದ್ಮಶ್ರೀಯ ಅಪ್ಪ ಪಿಳ್ಳಪ್ಪ ಬದುಕಿರುವವರೆಗೂ ಸಂಘಕ್ಕೆ ಬೆನ್ನೆಲುಬಾಗಿದ್ದರು. ಅವರು ಹೋದ ಮೇಲೆ ಹೊಸಕೋಟೆಯಲ್ಲಿ ಬಿ.ಎಸ್ಸಿ. ಓದಿದ್ದ ಮಗಳೇ ಆ ಜಾಗಕ್ಕೆ ನಿಂತಳು. ಈ ವರ್ಷದ ಮೀನು ಹಿಡಿದ ಮೇಲೆ ಗುತ್ತಿಗೆ ಮುಂದುವರಿಯಬೇಕು. ಫಸಲು ಕೆಟ್ಟರೆ ಕೆರೆ ಹರಾಜಿಗೆ ಹೋಗುತ್ತದೆ. ಹೊರಗಿನ ಕಂಟ್ರಾಕ್ಟರ್ ಒಬ್ಬ ಬಾಯಿ ತೆರೆದುಕೊಂಡು ಕಾಯುತ್ತಿದ್ದ.

ನೋಡಲು ಬಂದ ಗಂಡುಗಳೂ ಒಂದೇ ಮಾತು ಹೇಳಿ ಹೋಗುತ್ತಿದ್ದರು. 'ಮದುವೆ ಆದ್ಮೇಲೆ ಈ ಕೆರೆ, ಮೀನು ಎಲ್ಲಾ ಬಿಡಬೇಕಮ್ಮ.' ಅವಳೂ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು. 'ಹಂಗಾದ್ರೆ ಮದುವೇನೇ ಬಿಡ್ತೀನಿ.'

"ಆ ಕೆರೆ ಹತ್ರಾನೇ ತಾಳಿ ಕಟ್ಟಿಸ್ಕೊ ಹೋಗೇ!" ಎಂದು ತಾಯಿ ಆದಿಲಕ್ಷ್ಮಮ್ಮ ಬೈಯುತ್ತಿದ್ದರು. ಬೈದುಕೊಂಡೇ ಮಗಳಿಗೆ ಮುದ್ದೆ ಕಟ್ಟುತ್ತಿದ್ದರು.

ಪದ್ಮಶ್ರೀಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಕೆರೆಯಲ್ಲೇ ಶುರುವಾಗುತ್ತಿತ್ತು. ಏರಿಯ ಪಕ್ಕದ ನೀರಿನಲ್ಲಿ ಅಪ್ಪ ನೆಟ್ಟ ನೀಲಗಿರಿ ಕಂಬವೊಂದಿತ್ತು. ಅದನ್ನು ಒನಕೆಯಿಂದ ಮೆಲ್ಲಗೆ ದಬ್, ದಬ್, ದಬ್ ಎಂದು ತಟ್ಟಿದರೆ ಸಾಕು, ಕೆರೆಯ ಮೂಲೆ ಮೂಲೆಯಿಂದ ಮೀನು ಓಡಿಬರುತ್ತಿದ್ದವು. ಆಮೇಲೆ ತೌಡು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆ ಹಾಕುವುದು. ಕೆಂಚಘಟ್ಟದಲ್ಲಿ ಇದು ಹಸುವಿಗೆ ಹುಲ್ಲು ಹಾಕಿದಷ್ಟೇ ಮಾಮೂಲು. ಯಾರೂ ಯಾರಿಗೂ ಹೇಳುವ ವಿಷಯವೇ ಅಲ್ಲ. ಸೈಟಿನವರು ಹೊಸಕೋಟೆಯಿಂದ ಬರುವ ಹೊತ್ತಿಗೆ ಅವಳ ಆ ಕೆಲಸ ಮುಗಿದು ಎಷ್ಟೋ ಹೊತ್ತಾಗಿರುತ್ತಿತ್ತು.

ಆ ಬೆಳಗಿನ ಜಗಳದ ಮೇಲೆ ರವಿಚಂದ್ರ ನಿಜಕ್ಕೂ ಸುತ್ತಿಗೆ ನಿಲ್ಲಿಸಿದ. ಕಂಪನಿಯಿಂದ ಫೋನುಗಳು ಬಂದವು. 'ಅಟ್ಟ ರಿಪೇರಿ', 'ಕ್ರೇನ್ ಸರ್ವಿಸ್' ಎಂದು ಏನೇನೋ ನೆಪ ಹೇಳಿ ದಿನ ತಳ್ಳಿದ. ರಾತ್ರಿಯೆಲ್ಲ ಓದಿ, ಬೆಳಿಗ್ಗೆ ಬಂದು ಏರಿಯ ಮೇಲೆ ಅವಳ ಎದುರು ಕೂರುತ್ತಿದ್ದ.

"ಮೇಡಂ, ಸಿಕ್ತು! ಹೊರದೇಶದಲ್ಲಿ ಸಮುದ್ರದಲ್ಲಿ ಕಂಬ ಬಡಿಯೋವಾಗ ಮೊದಲು ಮೆಲ್ಲಗೆ ತಟ್ತಾರಂತೆ. ಮೀನು ಬೆದರಿ ದೂರ ಹೋಗ್ತವೆ. ಆಮೇಲೆ ಜೋರಾಗಿ ಬಡಿಯೋದು."

"ಅಷ್ಟೇ ಸಾಕಾ?"

"ಕೊಳವೆ ಸುತ್ತ ನೀರಲ್ಲಿ ಗಾಳಿಗುಳ್ಳೆ ಬಿಟ್ರೆ ಇನ್ನೂ ಒಳ್ಳೇದು. ಗುಳ್ಳೆಗೆ ಸಿಕ್ಕಿ ಸದ್ದು ಅಲ್ಲೇ ಮುರಿದುಹೋಗುತ್ತೆ. ಆದರೆ ಕಂಪನಿಯವರು ಅದಕ್ಕೆ ಒಪ್ತಿಲ್ಲ. ಮೆಲ್ಲಗೆ ತಟ್ಟೋದಕ್ಕೆ ಹೂಂ ಅಂದಿದ್ದಾರೆ."

ಪದ್ಮಶ್ರೀ ಯೋಚಿಸಿದಳು. ಹೆದರಿದ ಮೀನು ದೂರ ಹೋಗುವುದು ನ್ಯಾಯವೇ ಅಲ್ಲವೇ? "ಸರಿ. ನಿಮ್ಮನ್ನ ನಂಬ್ತೀನಿ."

ಆ ಮಾತು ಕೇಳಿ ಅವನು ನಕ್ಕ ನಗು ಇತ್ತಲ್ಲ... ಪದ್ಮಶ್ರೀ ಆ ದಿನ ಮನೆಗೆ ಬಂದು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

"ಏನೇ ನಿನ್ ಗ್ಯಾನ ಎಲ್ಲೈತೆ?" ಎಂದರು ಆದಿಲಕ್ಷ್ಮಮ್ಮ.

ಎಲ್ಲಿತ್ತೆಂದು ಹೇಳಲಿ? ಮುದ್ದೆ ನುಂಗಲು ಬಂದರೂ ಮೀನಿನ ಮುಳ್ಳು ಬಿಡಿಸಲು ಬಾರದೆ ಒದ್ದಾಡುವ ಅವನ ಬೆರಳಲ್ಲಿ ಇತ್ತು! ಏರಿಯ ಮೇಲೆ ಬುತ್ತಿ ಹಂಚಿಕೊಂಡ ದಿನ, ಅವಳೇ ಮುಳ್ಳು ಬಿಡಿಸಿ ಅವನ ತಟ್ಟೆಗೆ ಹಾಕಿದ್ದಳು. ಹಾಕಿದ ಮೇಲೆ ಇಬ್ಬರಿಗೂ ನಾಚಿಕೆ. ಇಬ್ಬರೂ ಕೆರೆಯನ್ನೇ ನೋಡುತ್ತಾ ಊಟ ಮುಗಿಸಿದರು.

*

ಆ ಸೋಮವಾರ ಬಡಿತ ಶುರುವಾಯಿತು.

ಪದ್ಮಶ್ರೀ ಮೀನುಮರಿ ವಿಚಾರಿಸಲು ಸೂಲಿಬೆಲೆಗೆ ಹೋಗಿದ್ದಳು. ಮಧ್ಯಾಹ್ನ ಬಸ್ಸಿಳಿದಾಗ ಏರಿಯ ಮೇಲೆ ಜನ ಸೇರಿದ್ದರು. ಸಂಘದ ಅಧ್ಯಕ್ಷೆ ರುಕ್ಮಿಣಮ್ಮ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಬಂದ್ಯಾ ತಾಯಿ? ನೋಡು... ನಿನ್ನ ಎಂಜಿನಿಯರ್ ಮಾಡಿರೋ ಕೆಲಸ ಕಣ್ತುಂಬ ನೋಡು!"

ಕೊಳವೆಯ ಸುತ್ತ ನೀರು ಕಾಣುತ್ತಿರಲಿಲ್ಲ. ಬರೀ ಬಿಳಿ ಹೊಟ್ಟೆಗಳು. ಕಾಟ್ಲಾ, ರೋಹು... ಅವಳ ಕೈಯಿಂದಲೇ ತಿಂದು ಬೆಳೆದ ಮೀನುಗಳು.

ಪದ್ಮಶ್ರೀ ಕೈಚೀಲ ಅಲ್ಲೇ ಬಿಸಾಡಿದಳು. ತೆಪ್ಪಕ್ಕೆ ಹಾರಿ ಅಟ್ಟದ ಹತ್ತಿರ ಹೋದಳು. ಕೈಗೆ ಸಿಕ್ಕ ಮೀನನ್ನು ಅಲ್ಲೇ ಸೀಳಿದಳು. ಒಡೆದ ಗಾಳಿಚೀಲ. ಇನ್ನೊಂದು ಸೀಳಿದಳು. ಅದೇ!

ರವಿಚಂದ್ರ ಅಟ್ಟದ ಅಂಚಿನಲ್ಲಿ ಮಂಡಿಯೂರಿ ಕೂತಿದ್ದ. ಅವನ ಕೈಯಲ್ಲೂ ಒಂದು ಸತ್ತ ಮೀನಿತ್ತು.

"ಪದ್ಮಾ... ನಾನೇ ನಿಂತು ಮೆಲ್ಲಗೆ ತಟ್ಟಿಸ್ದೆ. ಎಷ್ಟೋ ಹೊತ್ತು ತಟ್ಟಿಸ್ದೆ. ಆಮೇಲೇ ಜೋರು ಮಾಡಿದ್ದು. ಹೆಂಗಾಯ್ತೋ ಗೊತ್ತಾಗ್ತಿಲ್ಲ..."

"ಸುಳ್ಳು!"

"ಪದ್ಮಾ..."

"ಹಂಗ್ ಕರೀಬೇಡಿ! ತಟ್ಟಿದ್ರೆ ಮೀನು ದೂರ ಹೋಗ್ತವೆ ಅಂದೋರು ನೀವು. ದೂರ ಹೋಗಿದ್ರೆ ಇಲ್ಲಿ ಯಾಕೆ ಸಾಯ್ತಿದ್ವು? ಕೆರೇಲಿರೋ ಮೀನೆಲ್ಲ ನಿಮ್ ಕೊಳವೆ ಹತ್ರಾನೇ ಯಾಕೆ ಬಿದ್ದಿದಾವೆ? ಕಂಪನಿಯೋರು ಬೇಗ ಮುಗ್ಸು ಅಂದ್ರು, ನೀವು ಮುಗಿಸಿದ್ರಿ. ಅಷ್ಟೇ ತಾನೇ? ನೀವೂ ಒಬ್ಬ ಸುಳ್ಳುಗಾರ!"

ಸಿದ್ದರಾಜು ಏನೋ ಹೇಳಲು ಬಾಯಿ ತೆರೆದ. ರವಿಚಂದ್ರ ಕೈ ಅಡ್ಡ ಹಿಡಿದು ತಡೆದ.

"ಬೇಡ ಬಿಡಪ್ಪ. ಮೀನು ಸತ್ತಿರೋದಂತೂ ನಿಜ ತಾನೇ."

ಪದ್ಮಶ್ರೀ ತಿರುಗಿ ನೋಡದೆ ಬಂದುಬಿಟ್ಟಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಆದರೆ ಕೊಯ್ಯುವಾಗ ಯಾರಿಗೆ ಅದು ನೆನಪಿರುತ್ತದೆ ಹೇಳಿ! ಮನೆಗೆ ಬಂದು ಹಿತ್ತಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮೀನಿಗಾಗಿ ಅತ್ತಳು. ಅವನಿಗಾಗಿಯೂ ಅತ್ತಳು. ಅದು ಅವಳಿಗೂ ಗೊತ್ತಿತ್ತು.

*

ಮಾರನೆಯ ಬೆಳಿಗ್ಗೆ ಪಂಚಾಯ್ತಿ ಕಚೇರಿಯಲ್ಲಿ ಸಭೆ ಎಂದು ಗೊತ್ತಾಯಿತು. ರುಕ್ಮಿಣಮ್ಮ ರವಿಚಂದ್ರನ ಮೇಲೆ ದೂರು ಕೊಡಲಿದ್ದರು. ಕಂಪನಿಯ ಮ್ಯಾನೇಜರ್ ಬರಲಿದ್ದ.

ಏನೇ ಆದರೂ ಉಳಿದ ಮೀನಿನ ಹೊಟ್ಟೆ ಕೇಳುತ್ತದೆಯೇ? ಪದ್ಮಶ್ರೀ ತೌಡಿನ ಉಂಡೆಯ ಕುಕ್ಕೆ ಹೊತ್ತು ಕೆರೆಗೆ ಬಂದಳು. ಅತ್ತು ಅತ್ತು ತಡವಾಗಿ ಎದ್ದಿದ್ದಳು. ಬಿಸಿಲು ಏರಿತ್ತು. ನೀಲಗಿರಿ ಕಂಬದ ಹತ್ತಿರ ನಿಂತು ಒನಕೆ ಕೈಗೆತ್ತಿಕೊಂಡಳು. ಹಸಿದ ಮೀನು ಹತ್ತಾರು ಆಗಲೇ ಅವಳ ಕಾಲ ಬುಡದಲ್ಲಿ ಸುತ್ತುತ್ತಿದ್ದವು.

ಅವಳು ತಟ್ಟುವ ಮೊದಲೇ ಆ ಕಡೆಯಿಂದ ಸದ್ದು ಬಂತು.

ದಬ್... ದಬ್... ದಬ್...

ಸಿದ್ದರಾಜು ಅಟ್ಟದ ಮೇಲೆ ಕ್ರೇನಿನ ಸುತ್ತಿಗೆಯ ಕ್ಲಾಂಪು ಸಡಿಲಿಸಲು ಕೈಸುತ್ತಿಗೆಯಿಂದ ಕೊಳವೆಯನ್ನು ಮೆಲ್ಲಗೆ ತಟ್ಟುತ್ತಿದ್ದ.

ಕಾಲ ಬುಡದ ಮೀನುಗಳು ಒಮ್ಮೆಲೇ ತಿರುಗಿದವು. ನೀರಿನ ಮೇಲೆ ಒಂದು ಗೆರೆ ಎದ್ದಿತು. ಆ ಗೆರೆ ಅವಳನ್ನು ಬಿಟ್ಟು, ಕೆರೆಯ ನಡುವೆ ಹಾದು, ನೆಟ್ಟಗೆ ಕೊಳವೆಯ ಕಡೆಗೆ ಓಡಿತು!

ಪದ್ಮಶ್ರೀಯ ಕೈಯಿಂದ ಒನಕೆ ಜಾರಿತು.

'ಅಯ್ಯೋ... ಅಯ್ಯೋ ದೇವರೇ!'

ಬೇರೆ ಊರಿನ ಮೀನಿಗೆ ಆ ಸದ್ದು ಬೆದರಿಕೆ. ಕೆಂಚಘಟ್ಟದ ಮೀನಿಗೆ ಅದು ಊಟದ ಕರೆ! ಅವನು ಓಡಿಸಲೆಂದು ತಟ್ಟಿಸಿದ. ಅವು ಉಣ್ಣಲೆಂದು ಬಂದವು. ಎಷ್ಟು ಹೆಚ್ಚು ಹೊತ್ತು ತಟ್ಟಿದನೋ ಅಷ್ಟು ಹೆಚ್ಚು ಮೀನು ಬಂದು ಸೇರಿದವು. ಆಮೇಲೆ ದೊಡ್ಡ ಪೆಟ್ಟು ಬಿತ್ತು.

ಅವನು ಸುಳ್ಳು ಹೇಳಿರಲಿಲ್ಲ. ಮಾತಿಗೆ ತಪ್ಪಿರಲಿಲ್ಲ.

'ಮೀನಿನ ಹೊಟ್ಟೆ, ಉಸಿರು, ಮೊಟ್ಟೆ ಎಲ್ಲಾ ಅವನಿಗೆ ಹೇಳಿಕೊಟ್ಟೆ. ದಿನಾ ನನ್ನ ಕೈಯಾರೆ ಮಾಡೋ ಇದನ್ನ ಹೇಳಲಿಲ್ವಲ್ಲ! ತಟ್ಟಿ ಕರೆಯೋದನ್ನ ಕಲಿಸಿದವಳು ನಾನು. ತಟ್ಟಿ ಓಡಿಸ್ತೀನಿ ಅಂದಾಗ ಹೂಂ ಅಂದವಳೂ ನಾನೇ...'

"ಸಿದ್ದರಾಜಣ್ಣಾ! ನಿಲ್ಸಣ್ಣಾ, ತಟ್ಟಬೇಡ!" ಎಂದು ಕೂಗುತ್ತಾ ಏರಿಯ ಮೇಲೆ ಓಡಿದಳು. ಸಿದ್ದರಾಜು ಗಾಬರಿಯಿಂದ ಕೈಸುತ್ತಿಗೆ ಕೆಳಗಿಟ್ಟ.

"ನಿಮ್ ಸಾರ್ ಎಲ್ಲಿ?"

"ಸಭೆಗೆ ಹೋದ್ರಮ್ಮ. ನಿನ್ನೆ ತಟ್ಟಿದ್ದೆಲ್ಲ ನನ್ ಮೊಬೈಲ್‌ನಲ್ಲಿ ವಿಡಿಯೋ ಐತೆ. ತಗೊಂಡೋಗಿ ತೋರ್ಸಿ ಸಾರ್ ಅಂದೆ. 'ಅವಳ ಕೆರೆ ಸತ್ತಿದೆ, ನಾನು ನನ್ ಕೆಲಸ ಉಳಿಸ್ಕೊಳಕ್ಕೆ ಹೋಗ್ಲಾ' ಅಂತ ಬೈದ್ರು."

ಪದ್ಮಶ್ರೀ ಮುಂದಿನ ಮಾತು ಕೇಳಲು ನಿಲ್ಲಲಿಲ್ಲ.

*

ಪಂಚಾಯ್ತಿ ಕಚೇರಿಯಲ್ಲಿ ಮ್ಯಾನೇಜರ್ ನವೀನ್‌ಕುಮಾರ್ ಆಗಲೇ ಮಾತು ಮುಗಿಸುವ ಹಂತಕ್ಕೆ ಬಂದಿದ್ದ.

"ತಪ್ಪು ನಮ್ಮ ಎಂಜಿನಿಯರ್‌ದು. ಅವರನ್ನ ಇವತ್ತೇ ವಾಪಸ್ ಕರೆಸ್ಕೋತೀವಿ. ಬೇರೆಯವರು ಬಂದು ಬೇಗ ಕೆಲಸ ಮುಗಿಸ್ತಾರೆ. ಸರಿ ತಾನೇ?"

ರವಿಚಂದ್ರ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಸರಿ ಅಲ್ಲ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಬೆವರಿಗೆ ಪದ್ಮಶ್ರೀಯ ಕೂದಲು ಹಣೆಗೆ ಅಂಟಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆದರೆ ದನಿ ನಡುಗಲಿಲ್ಲ.

"ರುಕ್ಮಿಣತ್ತೆ, ದೂರು ಕೊಡೋದಾದ್ರೆ ನನ್ ಹೆಸ್ರೂ ಸೇರ್ಸಿ. ಇವರು ಮೆಲ್ಲಗೆ ತಟ್ಟಿಸಿದ್ದು ನಿಜ. ಮೀನನ್ನ ಅಲ್ಲಿಗೆ ಕರೆಸಿದ್ದು ನಮ್ ಅಭ್ಯಾಸ. ನಾವು ದಿನಾ ಕಂಬ ತಟ್ಟಿ ಊಟ ಹಾಕ್ತೀವಲ್ಲ? ಅವು ಊಟ ಅಂದ್ಕೊಂಡು ಹೋಗಿ ಸತ್ವು ಅತ್ತೆ."

ರುಕ್ಮಿಣಮ್ಮನ ಕೈ ನಿಧಾನವಾಗಿ ಬಾಯಿಯ ಮೇಲೆ ಹೋಯಿತು.

"ಅಯ್ಯೋ ಶಿವನೇ... ನಮಗ್ಯಾರಿಗೂ ಹೊಳೀಲಿಲ್ವಲ್ಲೇ!"

ರವಿಚಂದ್ರ ತಲೆಯೆತ್ತಿ ಪದ್ಮಶ್ರೀಯನ್ನೇ ನೋಡುತ್ತಿದ್ದ. ಅವಳು ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಅಳಲು ಇದು ಹೊತ್ತಲ್ಲ. ಅವಳು ನೆಟ್ಟಗೆ ಮ್ಯಾನೇಜರ್ ಎದುರು ಹೋಗಿ ನಿಂತಳು.

"ಹಂಗಂತ ನಿಮ್ ಸುತ್ತಿಗೆ ಒಳ್ಳೇದಾಗಿಬಿಡ್ಲಿಲ್ಲ ಸಾರ್. ಚೀಲ ಒಡೆದಿದ್ದು ಅದರ ಸದ್ದಿಗೇ. ನಮಗೂ ರಸ್ತೆ ಬೇಕು. ಹಾಲಿನ ಗಾಡಿ ಎಷ್ಟು ಸುತ್ತಿ ಬರುತ್ತೆ ಅಂತ ನಮಗೂ ಗೊತ್ತು. ಆದರೆ ಕೆರೆ ಸಾಯಿಸಿ ಬರೋ ರಸ್ತೆ ಬೇಡ. ಕೊಳವೆ ಸುತ್ತ ಗಾಳಿಗುಳ್ಳೆ ಬಿಡಬೇಕು. ಅದು ಗೊತ್ತಿರೋದು ಇವರಿಗೆ. ಹಂಗಾಗಿ ಇವರೇ ಇರ್ಬೇಕು."

"ಅದಕ್ಕೆಲ್ಲ ಸಾಮಾನು ತರಿಸೋಕೆ ಟೈಮ್ ಇಲ್ಲಮ್ಮ..."

"ಸೈಟಲ್ಲಿ ಕಂಪ್ರೆಸರ್ ಇದೆ ತಾನೇ? ತೂತು ಇರೋ ಪೈಪು ನಾನ್ ಕೊಡ್ತೀನಿ. ನಮ್ ರೋಜಾ ತೋಟದ ಡ್ರಿಪ್ ಪೈಪು, ಸಾಕಾಗದಿದ್ರೆ ಊರಿನೋರ ತೋಟದ್ದೆಲ್ಲ ಕಿತ್ಕೊಂಡ್ ಬರ್ತೀವಿ. ಒಪ್ಪಲ್ಲ ಅಂದ್ರೆ ಹೇಳ್ಬಿಡಿ. ನಾಳೆಯಿಂದ ಆ ಕೊಳವೆಗೊಬ್ಬಳು ಹೆಂಗಸು ತಬ್ಕೊಂಡ್ ನಿಂತಿರ್ತಾಳೆ!"

"ನಾನೇ ಮೊದಲು ನಿಲ್ತೀನಿ," ಎಂದರು ರುಕ್ಮಿಣಮ್ಮ ಎದ್ದು. ಅವರ ಗಾತ್ರ ನೋಡಿಯೋ ಏನೋ, ಮ್ಯಾನೇಜರ್ ಒಪ್ಪಿಕೊಂಡ.

ಹೊರಗೆ ಹೊಂಗೆ ಮರದ ಕೆಳಗೆ ರವಿಚಂದ್ರ ಒಬ್ಬನೇ ನಿಂತಿದ್ದ. ಪದ್ಮಶ್ರೀ ಹತ್ತಿರ ಹೋದಳು.

"ನನ್ನಿಂದ ತಪ್ಪಾಯ್ತು. ಕ್ಷಮಿಸ್ತೀರಾ?"

"ಬೈದಿದ್ದಕ್ಕೆ ಬೇಜಾರಿಲ್ಲ ರೀ. ಸತ್ತಿರೋ ಮೀನು ನೋಡಿ ನನಗೇ ನನ್ನ ಮೇಲೆ ಅಸಹ್ಯ ಆಗಿತ್ತು. ಆದರೆ... ಸುಳ್ಳುಗಾರ ಅಂದ್ರಲ್ಲ. ಅದು ಇಲ್ಲಿ, ಎದೇಲಿ ಕೂತ್ಬಿಟ್ಟಿದೆ."

ಅವಳ ಕಣ್ಣು ತುಂಬಿತು. "ಹೆಂಗ್ ತೆಗೀಲಿ ಹೇಳಿ."

"ಗೊತ್ತಿಲ್ಲ. ಈಗ ಕೆಲಸ ಮಾಡೋಣ. ಉಳಿದಿರೋ ಮೀನು ಮೊದಲು."

ಅವನು ಹೊರಟುಹೋದ. 'ನನ್ನ ಮೇಲೆ ಕೋಪ ಇದ್ದರೂ ಇರಲಿ. ನನ್ನ ಕೆರೆಯ ಮೇಲೆ ಅವನಿಗೆ ಕೋಪ ಇಲ್ಲ,' ಅಂದುಕೊಂಡಳು. ಅಷ್ಟು ಸಾಕಿತ್ತು ಅವಳಿಗೆ, ಟೊಂಕ ಕಟ್ಟಿ ದುಡಿಯುವುದಕ್ಕೆ.

*

ದುಡಿಮೆ ಎಂದರೆ ಅಂತಿಂಥ ದುಡಿಮೆಯಲ್ಲ!

ಸೇತುವೆ ಏಳುತ್ತಿದ್ದ ಮೂಡಣ ಸೆರಗು ಕೆರೆಯ ದೊಡ್ಡ ನೀರಿಗೆ ಸೇರುವಲ್ಲಿ ಒಂದು ಕಿರಿದಾದ ಬಾಯಿತ್ತು. ಸಣ್ಣ ಕಣ್ಣಿನ ಬಲೆಗಳನ್ನು ಒಂದಕ್ಕೊಂದು ಹೊಲಿದು, ತಳಕ್ಕೆ ಕಲ್ಲು ಕಟ್ಟಿ, ಸಂಘದ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತರು. ಆದಿಲಕ್ಷ್ಮಮ್ಮ ತೋಟದ ಡ್ರಿಪ್ ಪೈಪು ಸುತ್ತಿ ತಲೆಯ ಮೇಲೆ ಹೊತ್ತು ತಂದರು. ರವಿಚಂದ್ರ ಅದನ್ನು ಕೊಳವೆಯ ಬುಡಕ್ಕೆ ಬಳೆಯಂತೆ ಕೂರಿಸಿದ. ಮೊದಲ ದಿನ ಗಾಳಿಯ ಒತ್ತಡಕ್ಕೆ ಪೈಪು ಸೀಳಿತು. ಎರಡನೆಯ ಸಲ ಒಂದೇ ಕಡೆ ಗುಳ್ಳೆ ಬಂತು. ಅವನು ಮತ್ತೆ ಮತ್ತೆ ನೀರಿಗಿಳಿದ. ಬೆರಳೆಲ್ಲ ನೆನೆದು ಸುಕ್ಕುಗಟ್ಟಿದವು. ಪದ್ಮಶ್ರೀ ದಡದಿಂದ ಟೀ ಕಳಿಸುತ್ತಿದ್ದಳು. ಅವನು ಕುಡಿಯುತ್ತಿದ್ದ. ಮಾತು ಮಾತ್ರ ಕೆಲಸದ್ದೇ.

ಎಲ್ಲ ಸಜ್ಜಾದ ದಿನ ಪದ್ಮಶ್ರೀ ನೀಲಗಿರಿ ಕಂಬ ತಟ್ಟಿದಳು. ಸೆರಗಿನಲ್ಲಿ ಉಳಿದಿದ್ದ ಮೀನೆಲ್ಲ ಬಾಯಿ ದಾಟಿ ದೊಡ್ಡ ನೀರಿಗೆ ಬಂದವು.

"ಎಳೀರಿ ಬಲೆ!"

ಹೆಂಗಸರು ಬಾಯಿ ಮುಚ್ಚಿದರು.

"ಬಡಿತ ಕೇಳಿ ಮತ್ತೆ ಆ ಕಡೆ ಓಡಿಹೋದ್ರೆ?" ಎಂದು ರುಕ್ಮಿಣಮ್ಮ ಕೇಳಿದರು.

"ಅದಕ್ಕೇ ಅತ್ತೆ ಬಲೆ. ಬಂದ್ರೂ ಇಲ್ಲೇ ನಿಲ್ತವೆ."

ಪದ್ಮಶ್ರೀ ಬಲೆಯ ಪಕ್ಕ ತೆಪ್ಪದಲ್ಲಿ ಕೂತಳು. ಕೊಳವೆಯ ಸುತ್ತ ನೀರು ಕುದಿಯುವಂತೆ ಗುಳ್ಳೆ ಎದ್ದವು. ಅಟ್ಟದ ಮೇಲೆ ರವಿಚಂದ್ರ ಅವಳ ಕಡೆ ನೋಡಿದ. ಅವಳು ತಲೆಯಾಡಿಸಿದಳು.

ಧಡ್!

ಅವಳ ಕೈ ನೀರಿನಲ್ಲೇ ಇತ್ತು. ಪೆಟ್ಟು ಕೈಗೆ ತಾಗಿತು, ಆದರೆ ಅವನು ಹೇಳಿದ್ದ ಗುದ್ದಿನಂತಲ್ಲ. ಬಲೆಯ ಹತ್ತಿರ ನೀರು ಕಲಕಿತು. ಅವಳು ಬಗ್ಗಿ ನೋಡಿದಳು. ಒಂದು ಹೊಟ್ಟೆಯಾದರೂ ಬಿಳುಪಾಗಿ ಮೇಲೆ ಬಂತೇ?

ಧಡ್! ಧಡ್!

ಇಲ್ಲ. ಮೀನುಗಳು ಬಲೆಯ ಬುಡದಲ್ಲಿ ಒಂದು ಸುತ್ತು ಹಾಕಿ, ಊಟ ಸಿಗದೆ ಹಿಂದಕ್ಕೆ ತಿರುಗಿದವು.

"ಬದುಕಿದಾವೆ!" ಎಂದು ಕಿರುಚಿದಳು. "ರವೀ... ಎಲ್ಲಾ ಬದುಕಿದಾವೆ!"

ಅಟ್ಟದ ಮೇಲೆ ರವಿಚಂದ್ರ ಹೆಲ್ಮೆಟ್ ತೆಗೆದು ಮುಖ ಮುಚ್ಚಿಕೊಂಡ. ಅತ್ತನೋ ನಕ್ಕನೋ, ದೂರದಿಂದ ಅವಳಿಗೆ ತಿಳಿಯಲಿಲ್ಲ.

*

ಕೊನೆಯ ಕೊಳವೆಯೂ ಇಳಿಯಿತು. ಸತ್ತವು ಸತ್ತವು. ಆದರೆ ಉಳಿದ ಮೀನು ಕೊಬ್ಬಿ ಬೆಳೆದು ಬಲೆ ತುಂಬಿದವು. ಪಂಚಾಯ್ತಿಯವರು ಗುತ್ತಿಗೆಯನ್ನು ಸಂಘಕ್ಕೇ ಮುಂದುವರಿಸಿದರು. ರುಕ್ಮಿಣಮ್ಮ ಕಚೇರಿಯ ಮೆಟ್ಟಿಲ ಮೇಲೇ ಕುಣಿದರು ಎಂದು ಊರೆಲ್ಲ ಹೇಳುತ್ತದೆ. ಅವರು ಮಾತ್ರ ಇಲ್ಲ ಅನ್ನುತ್ತಾರೆ.

ಆ ಸಂಜೆ ಪದ್ಮಶ್ರೀ ಏರಿಯ ಮೇಲೆ ಬಲೆ ಒಣಗಿಸುತ್ತಿದ್ದಳು. ಗೆದ್ದ ಖುಷಿಯಲ್ಲೂ ಎದೆ ಭಾರವಾಗಿತ್ತು. ಕೊಳವೆ ಮುಗಿಯಿತು ಎಂದರೆ ಅವನೂ ಹೊರಟ ಎಂದಲ್ಲವೇ...

"ಮುಂದಿನ ಸೈಟ್ ದೇವನಹಳ್ಳಿ ಕಡೆ."

ಬೆನ್ನ ಹಿಂದೆ ಅವನ ದನಿ. ಅವಳು ತಿರುಗಲಿಲ್ಲ.

"ಒಳ್ಳೇದಾಗ್ಲಿ."

"ಅಷ್ಟೇನಾ?"

"ಇನ್ನೇನ್ ಹೇಳ್ಲಿ? ಹೆಂಗ್ ತೆಗೀಲಿ ಅಂತ ಕೇಳಿದ್ದೆ. ಗೊತ್ತಿಲ್ಲ ಅಂದ್ರಿ."

"ಅದು ಯಾವತ್ತೋ ಹೋಯ್ತು ಪದ್ಮಾ."

"ಯಾವತ್ತು?"

"ಅಷ್ಟು ಜನರ ಮುಂದೆ 'ನನ್ ಹೆಸ್ರೂ ಸೇರ್ಸಿ' ಅಂದ್ರಲ್ಲ, ಆವತ್ತು ರಾತ್ರಿ ಅದನ್ನ ನೆನೆಸ್ಕೊಂಡಾಗಲೇ. ಹೇಳಿದ್ರೆ ಎಲ್ಲಿ ಟೀ ಕಳ್ಸೋದು ನಿಲ್ಸ್ಬಿಡ್ತೀರೋ ಅಂತ ಸುಮ್ನಿದ್ದೆ."

"ಅಯ್ಯೋ ಕಳ್ಳ!" ಅವಳು ತಿರುಗಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ನಾನು ಇಷ್ಟು ದಿನ ನಿದ್ದೆ ಕೆಟ್ಟು ಒದ್ದಾಡಿದೀನಿ ಗೊತ್ತಾ?"

"ನಾನೂ ಮಲಗಿಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. ದನಿ ಗಂಭೀರವಾಯಿತು. "ನನಗೆ ನೀವು ಇಷ್ಟ. ಕೊಳವೆ ತಬ್ಕೊಂಡು ಬೀಳ್ಸಿ ಅಂದ ಗಳಿಗೆಯಿಂದ ಇಷ್ಟ. ಆದರೆ ನನ್ ಜೊತೆ ಬನ್ನಿ ಅಂತ ಕೇಳಲ್ಲ. ಈ ಕೆರೆ ಬಿಟ್ರೆ ನೀವು ನೀವಾಗಿರಲ್ಲ, ಅದು ನನಗೆ ಗೊತ್ತು."

ಪದ್ಮಶ್ರೀಯ ಕೈಯಿಂದ ಬಲೆ ಜಾರಿತು.

"ಮತ್ತೆ... ಇನ್ನೇನ್ ಕೇಳ್ತೀರಾ?"

"ಮಾಕಳಿದುರ್ಗದ ಬುಡದಲ್ಲಿ ನಮ್ಮನೆ. ಅಣ್ಣ, ಅತ್ತಿಗೆ, ಅಮ್ಮ ಅಲ್ಲಿದ್ದಾರೆ. ಅಮ್ಮನಿಗೆ ನಿನ್ನೆ ಹೇಳ್ಬಿಟ್ಟೆ, ನಾನು ಮನೆ ಅಳಿಯ ಆಗಿ ಹೋಗ್ತೀನಿ ಅಂತ."

"ಮನೆ ಅಳಿಯಾನಾ?!" ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಊರೋರೆಲ್ಲ ಆಡ್ಕೊಂಡು ನಗ್ತಾರೆ ರೀ!"

"ನಗ್ಲಿ. ಸೈಟ್ ಎಲ್ಲೇ ಇರ್ಲಿ, ಭಾನುವಾರ ಹೋಗೋಕೆ ನನಗೂ ಒಂದು ಮನೆ ಬೇಕಲ್ವಾ?"

"ಭಾನುವಾರ ಮಾತ್ರನಾ?"

ಕೇಳಿಬಿಟ್ಟ ಮೇಲೆ ಅವಳ ಮುಖ ಕೆಂಪೇರಿತು. ಅವನು ನಕ್ಕ.

"ದೇವನಹಳ್ಳಿ ಎಷ್ಟು ದೂರ ಇದೆ? ದಿನಾ ಬಾ ಅಂದ್ರೆ ದಿನಾ ಬರ್ತೀನಿ."

ಅವಳು ಅವನ ಕೈ ಹಿಡಿದಳು. ಒರಟಾದ, ನೀರಿನಲ್ಲಿ ನೆನೆದು ಸಿಪ್ಪೆ ಎದ್ದ ಬೆರಳುಗಳು.

"ದಿನಾ ಬಾ," ಎಂದಳು ಮೆಲ್ಲಗೆ. "ನಾಳೆ ನಿಮ್ಮಮ್ಮನ್ನೂ ಕರ್ಕೊಂಡ್ ಬಾ. ನಮ್ಮಮ್ಮನ ಹತ್ರ ನಾನು ಈಗಲೇ ಹೇಳ್ತೀನಿ."

"ಬೈದ್ರೆ?"

"ಬೈತಾರೆ. ಬೈದು, ನಿನಗೂ ಒಂದು ಮುದ್ದೆ ಜಾಸ್ತಿ ಹಾಕ್ತಾರೆ. ನಡಿ."